ಬೈರಿಗೆಯ ಚರಿತ್ರೆ

ಕಳೆದ ಯುಗಾದಿಯಂದು ನಮ್ಮ ಮನೆಗೆ ಬಂದಿದ್ದ ಸದಸ್ಯ ಬಂಧುಗಳಲ್ಲಿ ಹಲವರು ಹಾಲಿನಲ್ಲಿದ್ದ ತೊಟ್ಟಿಲನ್ನು ನೋಡಿ, “ಊರಿನಿಂದ ಇದನ್ನು ಹೇಗೆ ತರಿಸಿದಿರಿ?” ಎಂದು ಕೇಳಿದರು. ತರಿಸಿದ್ದಲ್ಲ, ನಾನೇ ಮಾಡಿದ್ದು ಎಂದೆ. ಕೆಲವರು ನಂಬದೆ ನನ್ನ ಹೆಂಡತಿಯ ಮುಖ ನೋಡಿ ಖಚಿತಪಡಿಸಿಕೊಂಡರು. ಪ್ರಯೋಗಶಾಲೆಯಲ್ಲಿ ಗಾಜಿನ ಪಾತ್ರೆ ಒಡೆಯುವುದರಲ್ಲಿ ಹೆಸರಾದ ಈ ಬಡಪಾಯಿ ರಸಾಯನಶಾಸ್ತ್ರಿ ಬಡಗಿಯಾದದ್ದು ಹೇಗೆಂದು ಬರೆಯಲೇಬೇಕೆಂದು ಸಂಪಾದಕರು ಅಲ್ಲೇ ಪಟ್ಟು ಹಿಡಿದರು. ಅವರ ಮಾತಿಗೆ ಕಟ್ಟುಬಿದ್ದು ಈ ಲೇಖನ.

ವಿಷಯ ಇಷ್ಟೇ. ನಮ್ಮ ಕಡೆ ತೊಟ್ಟಿಲನ್ನು ತೊಲೆಗೆ ಹಗ್ಗ ಬಿಗಿದು ತೂಗುಹಾಕುತ್ತಾರೆ. ಐರ್ಲೆಂಡಿನ ಈಗಿನ ಮನೆಗಳ ತೆಳ್ಳನೆಯ ಛಾವಣಿಹಲಗೆಗೆ ಮಗುವಿರಲಿ, ಮಗುವಿನ ಕುಲಾವಿ ತೂಗುಹಾಕಲೂ ಧೈರ್ಯ ಸಾಲದು. ಆದ್ದರಿಂದ ನಾಲ್ಕು ಕಾಲಿನ ಓಕ್ ಚೌಕಟ್ಟೊಂದನ್ನು ಮಾಡಿ, ಅದರ ಅಡ್ಡಪಟ್ಟಿಯಲ್ಲಿ ಹಗ್ಗ ತೂರುವಂತೆ ಮುಕ್ಕಾಲು ಅಂಗುಲದ ತೂತುಗಳನ್ನು ಕೊರೆಯಬೇಕಾಗಿತ್ತು. ಮನೆಯಲ್ಲಿ ವಿದ್ಯುತ್ ಡ್ರಿಲ್ ಇತ್ತು. ಆದರೆ ನನಗೆ ಬಿಡುವು ಸಿಗುವುದು ಮಗು ಮಲಗಿದ ಮೇಲೆ, ರಾತ್ರಿ ಒಂಬತ್ತರ ನಂತರ. ನಮಗೂ ನೆರೆಯವರಿಗೂ ನಡುವೆ ಇರುವುದು ಒಂದೇ ಗೋಡೆ. ಸದ್ದಿಲ್ಲದ ಉಪಾಯ ಬೇಕಿತ್ತು.

ಅದು ಸಿಕ್ಕಿದ್ದು ಭಾನುವಾರದ ಹಳೆಸಾಮಾನಿನ ಸಂತೆಯಲ್ಲಿ. ವಯಸ್ಸಾದ ರೈತರೊಬ್ಬರು ಐದು ಯೂರೋಗೆ ಒಂದು ತುಕ್ಕುಹಿಡಿದ ಬ್ರೇಸನ್ನು ಕೊಟ್ಟರು. ಮೇಲೆ ಮರದ ಗುಂಡು ತಲೆ, ನಡುವೆ ಹೊರಕ್ಕೆ ಬಾಗಿದ ಕಬ್ಬಿಣದ ತೋಳು, ಅದರ ಮೇಲೆ ತಿರುಗುವ ಮರದ ಹಿಡಿ, ಕೆಳಗೆ ಅಲಗನ್ನು ಕಚ್ಚುವ ಬಾಯಿ. ತಮ್ಮ ಹಳ್ಳಿಗೆ ಕರೆಂಟು ಬರುವ ಮುಂಚೆ ತಂದೆ ಇದರಿಂದಲೇ ಕೊಟ್ಟಿಗೆಯ ಬಾಗಿಲು ಮಾಡಿದ್ದರೆಂದು ಅವರು ಹೇಳಿದರು. ಮನೆಗೆ ತಂದಾಗ ಆರು ವರ್ಷದ ಮಗ ಕೇಳಿದ: “ಅಪ್ಪಾ, ಇದಕ್ಕೆ ಕನ್ನಡದಲ್ಲಿ ಏನಂತಾರೆ?” ಡಾಕ್ಟರೇಟ್ ಪಡೆದ ತಂದೆಗೆ ಉತ್ತರ ಹೊಳೆಯಲಿಲ್ಲ. ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. ಅಮ್ಮ ನಕ್ಕುಬಿಟ್ಟಳು. “ಬೈರಿಗೆ ಅಲ್ವೇನೋ! ಆಚಾರಿ ಬಂದಾಗ ನೀನೇ ಹಗ್ಗ ಎಳೀತಿದ್ದೆಯಲ್ಲ!”

ಬ್ರೇಸು ಬೈರಿಗೆಯ ಒಂದು ಜಾತಿ ಮಾತ್ರ. ಉಳಿದ ಬೈರಿಗೆಗಳ ಕಥೆ ತಿಳಿಯದೆ ಇದರ ಹಿರಿಮೆ ತಿಳಿಯುವುದಿಲ್ಲ. ಕಥೆಯನ್ನು ನಾವಿರುವ ನೆಲದಿಂದಲೇ ಶುರುಮಾಡೋಣ.

ಕಡಿದ ತೂತು, ಕೊರೆದ ತೂತು

ಲಾಂಗ್‌ಫರ್ಡ್ ಕೌಂಟಿಯ ಕೊರ್ಲೀ ಎಂಬಲ್ಲಿನ ಜೌಗುನೆಲದಲ್ಲಿ ಒಂದು ಮರದ ರಸ್ತೆ ದೊರೆತಿದೆ. ಪುರಾತತ್ತ್ವಜ್ಞ ಬ್ಯಾರಿ ರಾಫ್ಟರಿಯವರು 1980ರ ದಶಕದಲ್ಲಿ ಅದನ್ನು ಅಗೆಸಿದರು. ಓಕ್ ಹಲಗೆಗಳ ವಾರ್ಷಿಕ ಉಂಗುರಗಳನ್ನು ಎಣಿಸಿ, ಆ ಮರಗಳನ್ನು ಕ್ರಿ.ಪೂ. 148ರಲ್ಲಿ ಕಡಿದರೆಂದು ನಿರ್ಣಯಿಸಲಾಗಿದೆ. ಈಗ ಅದರ ಹದಿನೆಂಟು ಮೀಟರ್ ಉದ್ದದ ಭಾಗವನ್ನು ಅಲ್ಲಿಯೇ ಕಟ್ಟಡದೊಳಗೆ ಕಾಪಾಡಿ ಇಟ್ಟಿದ್ದಾರೆ. ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ. ಹಲಗೆಗಳ ತುದಿಯಲ್ಲಿ ತೂತು ಮಾಡಿ ಗೂಟ ಜಡಿದು ಅವು ಜಾರದಂತೆ ಮಾಡಿದ್ದರು. ಆದರೆ ಆ ತೂತುಗಳು ಕೊರೆದವಲ್ಲ, ಕಡಿದವು. ಒಂದೊಂದಕ್ಕೂ ಎಷ್ಟು ಏಟು ಬಿದ್ದಿರಬೇಕೆಂದು ಊಹಿಸಿದರೆ ಕೈನೋಯುತ್ತದೆ.

ಸುಮಾರು ಹನ್ನೆರಡು ಶತಮಾನಗಳ ಅನಂತರ ಡಬ್ಲಿನ್ನಿನ ವೈಕಿಂಗರನ್ನು ನೋಡಿ. ಡೆನ್ಮಾರ್ಕಿನ ರಾಸ್ಕಿಲ್ಡೆ ಬಳಿ ಕೊಲ್ಲಿಯ ತಳದಲ್ಲಿ ಮುಳುಗಿದ್ದ ಐದು ಹಡಗುಗಳನ್ನು 1962ರಲ್ಲಿ ಹೊರತೆಗೆದರು. ಅವುಗಳಲ್ಲಿ ಸುಮಾರು 30 ಮೀಟರ್ ಉದ್ದದ ಯುದ್ಧನೌಕೆಯೊಂದರ ಓಕ್ ಮರ ಡಬ್ಲಿನ್ ಸುತ್ತಮುತ್ತ ಬೆಳೆದದ್ದು, ಹಡಗನ್ನು ಕಟ್ಟಿದ್ದು 1042ರಲ್ಲಿ ಎಂದು ಉಂಗುರಗಳೇ ಹೇಳಿದವು. ಅದರ ಪ್ರತಿರೂಪವೊಂದನ್ನು ರಾಸ್ಕಿಲ್ಡೆಯಲ್ಲಿ ಕಟ್ಟಿ ‘ಗ್ಲೆಂಡಲೋದ ಕಡಲಕುದುರೆ’ ಎಂಬ ಅರ್ಥದ ಹೆಸರಿಟ್ಟರು. 2007ರ ಆಗಸ್ಟಿನಲ್ಲಿ ಅದು ಸಮುದ್ರ ದಾಟಿ ಡಬ್ಲಿನ್ನಿಗೆ ಬಂದು ಸೇರಿತು. ಅಂಥ ಹಡಗಿನ ಹಲಗೆಗಳನ್ನು ಒಂದರ ಮೇಲೊಂದು ಅಂಚು ಕೂಡುವಂತೆ ಇಟ್ಟು, ಸಾವಿರಾರು ಕಬ್ಬಿಣದ ಮೊಳೆಗಳಿಂದ ಬಿಗಿಯುತ್ತಾರೆ. ಸಾವಿರಾರು ಮೊಳೆ ಎಂದರೆ ಸಾವಿರಾರು ತೂತು.

ಅವರ ಬೈರಿಗೆ ಎಂಥದು? ಸೌಟಿನ ತುದಿಯಂತೆ ಗುಳಿಯಾದ ಉಕ್ಕಿನ ಅಲಗು, ಮೇಲೆ ಅಡ್ಡ ಹಿಡಿ. ಸ್ವೀಡನ್ನಿನ ಗಾಟ್‌ಲೆಂಡ್ ದ್ವೀಪದಲ್ಲಿ 1936ರಲ್ಲಿ ಸಿಕ್ಕಿದ ಮಾಸ್ಟರ್‌ಮೂರ್ ಪೆಟ್ಟಿಗೆಯಲ್ಲಿ ಇಂಥ ಅಲಗುಗಳಿವೆ. ಹನ್ನೊಂದನೆಯ ಶತಮಾನದ ಬೇಯೂ ಕಸೂತಿಯಲ್ಲಿ ಹಡಗು ಕಟ್ಟುವವನೊಬ್ಬ ಇಂಥದೇ ಬೈರಿಗೆಯನ್ನು ಎದೆಯಿಂದ ಒತ್ತಿ ತಿರುಗಿಸುತ್ತಿದ್ದಾನೆ. ಐರಿಷ್ ಭಾಷೆಯಲ್ಲಿ ಇದರ ಹೆಸರು ‘ತಾರಹರ್’. ಇದು ಬಹು ಪುರಾತನ ಪದ. ವೆಲ್ಷ್ ಭಾಷೆಯ ‘ತಾರಾದ್ರ್’, ಲ್ಯಾಟಿನ್ನಿನ ‘ತೆರೆಬ್ರ’ ಇದರ ದಾಯಾದಿಗಳು. ಅಂದರೆ ಈ ಭಾಷೆಗಳು ಬೇರೆಬೇರೆಯಾಗುವ ಮೊದಲೇ ಕೊರೆಯುವ ಮಾತು ಇತ್ತು.

ಈ ಅಡ್ಡಹಿಡಿಯ ಬೈರಿಗೆಗೆ ಬಲವಿದೆ, ವೇಗವಿಲ್ಲ. ಅರ್ಧ ಸುತ್ತು ತಿರುಗಿಸಿ, ಕೈ ಬಿಟ್ಟು, ಮತ್ತೆ ಹಿಡಿದು, ಮತ್ತೆ ಅರ್ಧ ಸುತ್ತು. ಪ್ರತಿಸಲ ಕೈ ಬದಲಾಯಿಸುವಾಗ ಅಲಗು ಅಲುಗುತ್ತದೆ.

ಕಡೆಗೋಲಿನ ದಾರಿ

ನಮ್ಮ ಪೂರ್ವಿಕರು ಹಿಡಿದ ದಾರಿ ಬೇರೆ. ಮಜ್ಜಿಗೆ ಕಡೆಯುವುದನ್ನು ನೆನೆಯಿರಿ. ಕಡೆಗೋಲಿಗೆ ಹಗ್ಗ ಸುತ್ತಿ, ಎರಡು ತುದಿಗಳನ್ನು ಸರದಿಯಂತೆ ಎಳೆದರೆ ಕೋಲು ಅತ್ತಿತ್ತ ಭರಭರನೆ ತಿರುಗುತ್ತದೆ. ಕೋಲಿನ ತುದಿಗೆ ಉಕ್ಕಿನ ಮೊನೆ ಸೇರಿಸಿದರೆ ಅದೇ ಹಗ್ಗದ ಬೈರಿಗೆ. ಹಗ್ಗವನ್ನು ಬಿಲ್ಲಿಗೆ ಕಟ್ಟಿದರೆ ಒಬ್ಬನೇ ನಡೆಸಬಹುದಾದ ಬಿಲ್ಲುಬೈರಿಗೆ. ಈಜಿಪ್ಟಿನಲ್ಲಿ ಕ್ರಿಸ್ತಪೂರ್ವ ಹದಿನೈದನೆಯ ಶತಮಾನದ ರೆಖ್‌ಮಿರೆಯ ಸಮಾಧಿಯ ಗೋಡೆಚಿತ್ರದಲ್ಲಿ ಬಡಗಿಗಳು ಬಿಲ್ಲುಬೈರಿಗೆ ಹಿಡಿದಿದ್ದಾರೆ. ಸಿಂಧೂ ಕಣಿವೆಯ ಚನ್ಹುದಾರೋದಲ್ಲಿ ಅದಕ್ಕೂ ಬಹಳ ಹಿಂದೆಯೇ ಕೆಂಪು ಕಲ್ಲಿನ ಉದ್ದುದ್ದ ಮಣಿಗಳನ್ನು ಕೊರೆಯುತ್ತಿದ್ದರು.

ಸುಮಾರು ಮೂವತ್ತು ವರ್ಷಗಳ ಹಿಂದೆ, ಸಾಗರದ ಕಡೆಯ ನಮ್ಮ ಅಜ್ಜನ ಮನೆಯ ಜಗಲಿಯಲ್ಲಿ ನಾನು ಎಳೆದದ್ದು ಈ ಹಗ್ಗವನ್ನೇ. ಆಚಾರಿಯವರು ತೆಂಗಿನ ಚಿಪ್ಪನ್ನು ಕೋಲಿನ ತಲೆಗಿಟ್ಟು ಒತ್ತಿ ಹಿಡಿಯುತ್ತಿದ್ದರು, ನಾನು ಎಳೆಯುತ್ತಿದ್ದೆ. ದೇವದಾನವರು ಮಂದರಪರ್ವತಕ್ಕೆ ವಾಸುಕಿಯನ್ನು ಸುತ್ತಿ ಎಳೆದದ್ದೂ ಇದೇ ಕ್ರಮದಲ್ಲಿ ಎಂದು ಅವರು ಹೇಳಿದ್ದು ನೆನಪಿದೆ. ಹಾಗಾದರೆ ನಾನು ದೇವರೋ ರಾಕ್ಷಸನೋ ಎಂದು ಕೇಳಿದ್ದಕ್ಕೆ, ಹಗ್ಗ ಸಮನಾಗಿ ಎಳೆದರೆ ದೇವರು ಎಂದಿದ್ದರು.

ಸಮುದ್ರದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಹಡಗಿನ ಹಲಗೆಗಳನ್ನು ಮೊಳೆಯಿಂದ ಜಡಿಯದೆ, ಅಂಚಿನಲ್ಲಿ ಸಾಲಾಗಿ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಅರಬ್ಬೀ ಸಮುದ್ರದಾಚೆಯ ಹೋರ್ಮುಜಿನಲ್ಲಿ ಇಂಥ ಹೊಲಿದ ಹಡಗುಗಳನ್ನು ಮಾರ್ಕೋ ಪೋಲೋ ಕಂಡು ಬರೆದಿದ್ದಾನೆ. ಅಜಂತೆಯ ಚಿತ್ರವೊಂದನ್ನು ಆಧರಿಸಿ ಇದೇ ಕ್ರಮದಲ್ಲಿ ಕಟ್ಟಿದ ‘ಕೌಂಡಿನ್ಯ’ ಎಂಬ ನೌಕೆಯನ್ನು ಭಾರತದ ನೌಕಾಪಡೆ 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ಸೇರಿಸಿಕೊಂಡಿತು. ಡಬ್ಲಿನ್ನಿನ ಹಡಗು ಮೊಳೆಯದು, ಕಾರವಾರದ್ದು ಹುರಿಯದು. ಎರಡಕ್ಕೂ ಆಧಾರ ತೂತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಗ್ಗದ ಬೈರಿಗೆಗೆ ವೇಗವಿದೆ. ಗಟ್ಟಿ ಮರದಲ್ಲಿ ಸಣ್ಣ ತೂತಿಗೆ ಅದನ್ನು ಮೀರಿದ್ದಿಲ್ಲ. ಆದರೆ ಅದು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ಆದ್ದರಿಂದ ಅದರ ಮೊನೆ ಎರಡು ದಿಕ್ಕಿಗೂ ಕೆರೆಯುವಂತಿರಬೇಕು. ಅದಕ್ಕೆ ತಿರುಪು ಹಾಕುವಂತಿಲ್ಲ. ಬಲಸುತ್ತಿನಲ್ಲಿ ಒಳಹೋದ ತಿರುಪು ಎಡಸುತ್ತಿನಲ್ಲಿ ಹೊರಬಂದುಬಿಡುತ್ತದೆ. ಮರದ ಪುಡಿಯನ್ನು ಮೇಲಕ್ಕೆ ಹೊತ್ತು ತರುವ ಸುರುಳಿಯನ್ನೂ ಹಾಕುವಂತಿಲ್ಲ, ಕಾರಣ ಅದೇ. ತಿರುಪು ಮತ್ತು ಸುರುಳಿ ಕೆಲಸಮಾಡಬೇಕಾದರೆ ಬೈರಿಗೆ ಒಂದೇ ದಿಕ್ಕಿಗೆ ತಿರುಗಬೇಕು. ಅದು ಕೈಬಿಡದೆ ತಿರುಗಿದರೆ ಇನ್ನೂ ಲೇಸು. ಈ ಬೇಡಿಕೆಗೆ ಉತ್ತರವೇ ಬ್ರೇಸು.

ಬಾಗಿದ ತೋಳು

ಯೂರೋಪಿನಲ್ಲಿ ಬ್ರೇಸಿನ ಮೊದಮೊದಲ ಚಿತ್ರಗಳು ಹದಿನೈದನೆಯ ಶತಮಾನದ ಆದಿಭಾಗದವು. ಫ್ಲಾಂಡರ್ಸಿನ ಚಿತ್ರಕಾರ ರಾಬರ್ಟ್ ಕಾಂಪಿನನ ಕಮ್ಮಟದಲ್ಲಿ ಸುಮಾರು 1427–32ರಲ್ಲಿ ತಯಾರಾದ, ಈಗ ನ್ಯೂಯಾರ್ಕಿನಲ್ಲಿರುವ ‘ಮೆರೋಡ್’ ಚಿತ್ರಫಲಕದಲ್ಲಿ, ಏಸುವಿನ ಸಾಕುತಂದೆ ಜೋಸೆಫ್ ತನ್ನ ಬಡಗಿಶಾಲೆಯಲ್ಲಿ ಕುಳಿತು ಒಂದು ಹಲಗೆಗೆ ಬ್ರೇಸಿನಿಂದ ತೂತು ಕೊರೆಯುತ್ತಿದ್ದಾನೆ. ಒಂದು ಕೈ ಒತ್ತುತ್ತದೆ, ಇನ್ನೊಂದು ನಿಲ್ಲದೆ ಸುತ್ತುತ್ತದೆ. ಯಾವ ಕೈಯನ್ನೂ ಬಿಡಬೇಕಾಗಿಲ್ಲ.

ಆಗಿನ ಬ್ರೇಸುಗಳು ಮರದವು. ಹೊಸ ಅಲಗನ್ನು ಬಿಗಿಯುವುದೇ ಅವುಗಳ ದೊಡ್ಡ ತಾಪತ್ರಯ. ಇದನ್ನು ಬಿಡಿಸಿದವರು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕುಶಲಕರ್ಮಿಗಳು. 1859ರಲ್ಲಿ ಸ್ಪಾಫರ್ಡ್ ಎಂಬಾತ ಸೀಳಿದ ಬಾಯಿಗೆ ಹೆಬ್ಬೆರಳ ತಿರುಪು ಹಾಕಿದ. 1864ರಲ್ಲಿ ವಿಲಿಯಂ ಬಾರ್ಬರ್ ಎಂಬಾತ ಟೊಳ್ಳು ಕೊಳವೆಯೊಳಗೆ ಎರಡು ದವಡೆಗಳನ್ನಿಟ್ಟು, ಕೊಳವೆಯನ್ನು ತಿರುಗಿಸಿದರೆ ದವಡೆ ಕಚ್ಚುವಂತೆ ಮಾಡಿ ಹಕ್ಕುಪತ್ರ ಪಡೆದ. ಇಂದಿಗೂ ಸಂತೆಯಲ್ಲಿ ಸಿಗುವ ಬ್ರೇಸುಗಳ ಬಾಯಿ ಬಹುಮಟ್ಟಿಗೆ ಇದೇ ಜಾತಿಯದು. ಅಲಗಿನ ಕಡೆಯಲ್ಲಿ ರಸೆಲ್ ಜೆನ್ನಿಂಗ್ಸ್ 1855ರಲ್ಲಿ ಜೋಡಿಸುರುಳಿಯ ಅಲಗಿಗೆ ಹಕ್ಕುಪತ್ರ ಪಡೆದ. 1880ರ ದಶಕದಲ್ಲಿ ಒಹಾಯೋದ ಇರ್ವಿನ್ ಕಂಪನಿ ನಡುಗಂಬದ ಸುತ್ತ ಒಂಟಿಸುರುಳಿಯ ಅಲಗನ್ನು ಮಾರುಕಟ್ಟೆಗೆ ತಂದಿತು. ಜೆನ್ನಿಂಗ್ಸ್ ಅಲಗಿನ ತೂತು ನಯ. ಇರ್ವಿನ್ ಅಲಗು ಹೆಚ್ಚು ಗಟ್ಟಿ, ಪುಡಿಯನ್ನು ಬೇಗ ಹೊರಹಾಕುತ್ತದೆ.

ಐರ್ಲೆಂಡಿನ ಹಳ್ಳಿಗಳಲ್ಲಿ ಇಂದಿಗೂ ಇಷ್ಟೊಂದು ಬ್ರೇಸುಗಳು ಸಿಗಲು ಕಾರಣವಿದೆ. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದದ್ದು 1902ರಲ್ಲಿ; ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಶ್ಯಾನನ್ ನದಿಯ ಆರ್ಡ್‌ನಕ್ರಶಾ ವಿದ್ಯುದಾಗಾರ ಆರಂಭವಾದದ್ದು 1929ರಲ್ಲಿ. ಆದರೆ ಗಣಿಗೋ ನಗರಕ್ಕೋ ಬಂದ ಕರೆಂಟು ಹಳ್ಳಿಗೆ ಬರುವುದು, ಅಲ್ಲಾಗಲಿ ಇಲ್ಲಾಗಲಿ, ನಿಧಾನವೇ. ಐರ್ಲೆಂಡಿನ ಗ್ರಾಮೀಣ ವಿದ್ಯುದೀಕರಣದ ಮೊದಲ ಕಂಬ ನೆಟ್ಟದ್ದು 1946ರ ನವೆಂಬರ್ 5ರಂದು, ಡಬ್ಲಿನ್ ಕೌಂಟಿಯ ಕಿಲ್ಸಾಲಹನ್‌ನಲ್ಲಿ. ಕೆರಿಯ ‘ಕಪ್ಪು ಕಣಿವೆ’ಗೆ ಅದು ತಲುಪಿದಾಗ 1970ರ ದಶಕದ ಉತ್ತರಾರ್ಧ. ಅಲ್ಲಿಯವರೆಗೆ ಬಾಗಿಲು, ಗಾಡಿ, ದೋಣಿಗಳ ತೂತುಗಳೆಲ್ಲ ಕೈಯವೇ. ಆ ಕಾಲದ ಬದುಕನ್ನು ನೋಡಬೇಕೆನ್ನುವವರು ಮೇಯೋ ಕೌಂಟಿಯ ಟರ್ಲೋ ಪಾರ್ಕಿನಲ್ಲಿರುವ ಗ್ರಾಮೀಣ ಜೀವನದ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು.

ಆರಿಸುವುದು, ಬಳಸುವುದು

ಸಂತೆಯಲ್ಲಿ ಬ್ರೇಸು ಕಂಡರೆ ಏನು ನೋಡಬೇಕು? ಮೊದಲು ತೋಳಿನ ಸುತ್ತಳತೆ. ‘ಹತ್ತು ಅಂಗುಲ’ ಎಂದರೆ ಹಿಡಿ ಸುತ್ತುವ ವೃತ್ತದ ವ್ಯಾಸ ಹತ್ತು ಅಂಗುಲ. ಮನೆಗೆಲಸಕ್ಕೆ ಇದೇ ತಕ್ಕದ್ದು. ಲೆಕ್ಕ ಸುಲಭ: ಕೈ ಸುತ್ತುವ ತ್ರಿಜ್ಯ ಐದು ಅಂಗುಲ, ಮುಕ್ಕಾಲು ಅಂಗುಲದ ಅಲಗಿನ ತ್ರಿಜ್ಯ ಮೂರು ಎಂಟಾಂಶ, ನಿಮ್ಮ ಕೈಬಲ ಅಲಗಿನ ಅಂಚಿನಲ್ಲಿ ಸುಮಾರು ಹದಿಮೂರು ಪಟ್ಟಾಗುತ್ತದೆ. ಸಣ್ಣ ತೂತಿಗೆ ಎಂಟು ಅಂಗುಲದ್ದು ಚುರುಕು.

ಎರಡನೆಯದಾಗಿ, ತಲೆಯನ್ನು ಹಿಡಿದು ತಿರುಗಿಸಿ. ಅದು ಅಲುಗದೆ ಸರಾಗವಾಗಿ ತಿರುಗಬೇಕು. ಮೂರನೆಯದಾಗಿ, ಬಾಯಿ ಬಿಚ್ಚಿ ಎರಡೂ ದವಡೆಗಳು ಒಂದೇ ಜೋಡಿಯವೇ, ಒಂದಕ್ಕೊಂದು ಸಮನಾಗಿ ಕೂಡುತ್ತವೆಯೇ ನೋಡಿ. ಆಮೇಲೆ ಕಣ್ಣಿನ ನೇರಕ್ಕೆ ಹಿಡಿದು ತಲೆ ಮತ್ತು ಬಾಯಿ ಒಂದೇ ಗೆರೆಯಲ್ಲಿವೆಯೇ ಎಂದು ನೋಡಿ. ಒಮ್ಮೆ ಬಾಗಿದ ಬ್ರೇಸನ್ನು ನೆಟ್ಟಗೆ ಮಾಡುವುದು ನಾಯಿಬಾಲಕ್ಕೆ ನಳಿಗೆ ಕಟ್ಟಿದಂತೆ. ಕೊನೆಗೆ ರ‍್ಯಾಚೆಟ್, ಗೋಡೆಯ ಮೂಲೆಯಲ್ಲಿ ಪೂರ್ತಿ ಸುತ್ತು ಸಾಧ್ಯವಿಲ್ಲದಾಗ ಅರ್ಧಸುತ್ತಿನಲ್ಲೇ ಕೆಲಸ ಸಾಗಿಸುವ ಕೊಂಡಿ ಅದು. ಎರಡು ದಿಕ್ಕಿಗೂ ‘ಟಿಕ್ ಟಿಕ್’ ಎಂದರೆ ಸರಿ.

ಅಲಗಿನ ಬುಡ ಚೌಕವಾಗಿ ಮೊನಚಾಗುತ್ತ ಹೋಗಿರಬೇಕು. ವಿದ್ಯುತ್ ಡ್ರಿಲ್ಲಿನ ದುಂಡುಬುಡದ ಅಲಗನ್ನು ಎರಡು ದವಡೆಗಳು ಭದ್ರವಾಗಿ ಹಿಡಿಯವು. ಬುಡದ ಮೇಲಿನ ಅಂಕಿ ಅಂಗುಲದ ಹದಿನಾರನೆಯ ಭಾಗಗಳ ಲೆಕ್ಕ: 8 ಎಂದರೆ ಅರ್ಧ ಅಂಗುಲ, 12 ಎಂದರೆ ಮುಕ್ಕಾಲು. ತುದಿಯ ತಿರುಪು ಅಲಗನ್ನು ಒಳಕ್ಕೆಳೆಯುತ್ತದೆ. ಅಂಚಿನ ಎರಡು ಹಲ್ಲು ತೂತಿನ ಸುತ್ತ ನಾರನ್ನು ಕತ್ತರಿಸುತ್ತವೆ. ಅವುಗಳ ಹಿಂದಿನ ತುಟಿ ಮರವನ್ನು ಎತ್ತುತ್ತದೆ. ಸುರುಳಿ ಹೊರಗೆ ಸಾಗಿಸುತ್ತದೆ. ಮೊಂಡಾಗಿದ್ದರೆ ಸಣ್ಣ ಅರದಿಂದ ಉಜ್ಜಬಹುದು. ಆದರೆ ಹಲ್ಲನ್ನು ಒಳಮುಖದಲ್ಲಿ ಮಾತ್ರ ಉಜ್ಜಬೇಕು. ಹೊರಗೆ ಉಜ್ಜಿದರೆ ಹಲ್ಲು ಕೊರೆಯುವ ವೃತ್ತ ಕಿರಿದಾಗಿ ಅಲಗು ಮರದಲ್ಲಿ ಸಿಕ್ಕಿಕೊಳ್ಳುತ್ತದೆ.

ಕೊರೆಯುವಾಗ ಮೂಲೆಮಟ್ಟವನ್ನು ಪಕ್ಕದಲ್ಲಿಟ್ಟು ಎರಡು ಕಡೆಯಿಂದ ನೇರ ನೋಡಿಕೊಳ್ಳಿ. ಒತ್ತಡ ಅತಿಯಾಗಿ ಬೇಡ. ತಿರುಪು ತಾನೇ ಎಳೆಯುತ್ತದೆ. ಪ್ರತಿ ಸುತ್ತಿಗೂ ಒಂದೇ ಆಳ ಇಳಿಯುವುದರಿಂದ ಸುತ್ತು ಎಣಿಸಿದರೆ ಆಳ ಗೊತ್ತಾಗುತ್ತದೆ. ನಮ್ಮ ಮಗ ಕನ್ನಡದಲ್ಲಿ ಐವತ್ತರವರೆಗೆ ಎಣಿಸಲು ಕಲಿತದ್ದು ಹೀಗೆ. ಹಿಂಬದಿಯಲ್ಲಿ ತಿರುಪಿನ ಮೊನೆ ಇಣುಕಿದ ಕೂಡಲೇ ನಿಲ್ಲಿಸಿ, ಮರವನ್ನು ತಿರುವಿ ಆ ಕಡೆಯಿಂದ ಮುಗಿಸಬೇಕು. ನನ್ನ ಮೊದಲನೆಯ ತೂತಿನಲ್ಲಿ ಇದನ್ನು ಮಾಡದೆ ಹಿಂಬದಿ ಅಂಗೈಯಗಲ ಸೀಳಿತು. ಅಲ್ಲಿರುವ ತೇಪೆಯನ್ನು ವಿನ್ಯಾಸವೆಂದು ಭಾವಿಸಿ ಹೊಗಳಿದ ಸದಸ್ಯರಿಗೆ ಕೃತಜ್ಞತೆಗಳು.

ರಸಾಯನಶಾಸ್ತ್ರದ ಎರಡು ಮಾತು ಹೇಳದಿದ್ದರೆ ಪದವಿಗೆ ಅವಮಾನ. ಹಿತ್ತಾಳೆ ಪಾತ್ರೆಗೆ ನಾವು ಹುಣಸೆಹಣ್ಣು ಹಚ್ಚುವಂತೆ, ತುಕ್ಕಿಗೂ ಸಿಟ್ರಿಕ್ ಆಮ್ಲದ ತೆಳು ದ್ರಾವಣ ಒಳ್ಳೆಯದು. ಕೆಲವು ತಾಸಿನ ನಂತರ ತೆಗೆದು, ಸೋಡಾನೀರಿನಲ್ಲಿ ತೊಳೆದು, ಒರೆಸಿ ಎಣ್ಣೆ ಹಚ್ಚಬೇಕು. ನಾನು ಒಂದು ಅಲಗನ್ನು ರಾತ್ರಿಯಿಡೀ ಮರೆತೆ; ತುಕ್ಕಿನ ಜೊತೆಗೆ ಹಲ್ಲಿನ ಹರಿತವನ್ನೂ ಆಮ್ಲ ತಿಂದಿತ್ತು. ಎರಡನೆಯದು: ಓಕ್ ಮರದ ಟ್ಯಾನಿನ್, ಒದ್ದೆಯಿದ್ದಾಗ ಕಬ್ಬಿಣದ ಪುಡಿಗೆ ತಗುಲಿದರೆ ನೀಲಿಗಪ್ಪು ಕಲೆ ಕೂರುತ್ತದೆ. ನಮ್ಮಲ್ಲಿ ಅಳಲೆಕಾಯಿ ಮತ್ತು ಕಬ್ಬಿಣದಿಂದ ಕಪ್ಪು ಬಣ್ಣ ಮಾಡುವುದೂ ಇದೇ ಕ್ರಿಯೆಯಿಂದ. ಆದ್ದರಿಂದ ಅಲಗನ್ನು ಉಜ್ಜಿದ ಮೇಜಿನ ಮೇಲೆ ಓಕ್ ಹಲಗೆ ಇಡಬೇಡಿ.

ಕೊನೆಯ ಮಾತು

ತುಕ್ಕು ಹೋದ ಮೇಲೆ ನನ್ನ ಬ್ರೇಸಿನ ಮರದ ತಲೆಯಲ್ಲಿ ಎರಡು ಅಕ್ಷರಗಳು ಕಂಡವು. ಇಲ್ಲಿನ ಬಡಗಿಗಳು ತಮ್ಮ ಉಪಕರಣಕ್ಕೆ ಹೆಸರಿನ ಮುದ್ರೆ ಒತ್ತುತ್ತಿದ್ದರು. ನಾನು ಎಂದೂ ಕಾಣದ ಆ ರೈತರ ತಂದೆಯ ಹೆಸರಿನ ಮೊದಲಕ್ಷರಗಳು ಹೀಗೆ ನನಗೆ ತಿಳಿದವು.

ಆಗ ನೆನಪಾದದ್ದು ನಮ್ಮ ಜಗಲಿಯ ಆಚಾರಿಯವರು. ನಾನು, ನನ್ನ ತಾಯಿ, ಅವಳ ಅಣ್ಣತಮ್ಮಂದಿರು ಮಲಗಿದ ತೊಟ್ಟಿಲು ಅವರ ಮನೆತನದವರು ಮಾಡಿದ್ದು. ಅದು ಈಗಲೂ ಅಟ್ಟದ ಮೇಲಿದೆ. ಅವರಿಗೆ ಕಾಫಿ ಕೊಡುತ್ತಿದ್ದ ಲೋಟ ಜಗಲಿಯ ಗೂಡಿನಲ್ಲಿ ಬೇರೆಯಾಗಿಯೇ ಇರುತ್ತಿತ್ತು. ಅವರ ಹೆಸರೇನೆಂದು ಅಮ್ಮನನ್ನು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಚಾರಿ ಅಂತಲೇ ಕರೀತಿದ್ವಿ” ಎಂದಳು. ಸೋದರಮಾವಂದಿರನ್ನು ಕೇಳಿದೆ, ಅವರಿಗೂ ಗೊತ್ತಿಲ್ಲ. ಬಾಚಿಕಾಯಕದ ಬಸವಯ್ಯನೆಂಬ ಬಡಗಿ ವಚನಕಾರನ ಹೆಸರನ್ನು ಹನ್ನೆರಡನೆಯ ಶತಮಾನದಿಂದ ಉಳಿಸಿಕೊಂಡು ಬಂದ ಭಾಷೆ ನಮ್ಮದು. ನಮ್ಮ ಮನೆಯ ತೊಟ್ಟಿಲು ಮಾಡಿದವರ ಹೆಸರನ್ನು ನಾವು ಒಂದು ತಲೆಮಾರೂ ಉಳಿಸಲಿಲ್ಲ. ‘ಬೈರಿಗೆ’ ಎಂಬ ಮಾತು ನನ್ನ ನಾಲಗೆಯಿಂದ ಜಾರಿದ್ದರಲ್ಲಿ ಆಶ್ಚರ್ಯವೇನು? ಆ ಮಾತನ್ನು ಬಳಸುವವರೊಡನೆ ನಾವು ಮಾತಾಡಿದ್ದೇ ಕಡಿಮೆ.

ಅದಕ್ಕಾಗಿ ಸದಸ್ಯ ಬಂಧುಗಳಲ್ಲಿ ಒಂದು ವಿನಂತಿ. ಈ ವಾರ ಊರಿಗೆ ಫೋನ್ ಮಾಡಿದಾಗ ಮನೆಯ ಹಿರಿಯರನ್ನು ಎರಡು ಪ್ರಶ್ನೆ ಕೇಳಿ. ನಿಮ್ಮ ಕಡೆ ಬೈರಿಗೆ, ಉಳಿ, ಬಾಚಿ, ಕೀಸುಳಿಗಳಿಗೆ ಏನೇನು ಹೆಸರು? ಅವುಗಳನ್ನು ಹಿಡಿದು ನಿಮ್ಮ ಮನೆ ಕಟ್ಟಿದವರ ಹೆಸರೇನು? ಉತ್ತರಗಳನ್ನು ಸಂಪಾದಕರಿಗೆ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪಟ್ಟಿಮಾಡುತ್ತೇನೆ. ಬ್ರೇಸು ಬೇಕಾದವರು ನಮ್ಮ ಮನೆಗೆ ಬಂದು ಒಯ್ಯಬಹುದು. 12ನೆಯ ನಂಬರಿನ ಅಲಗನ್ನು ಮಾತ್ರ ತಪ್ಪದೆ ಹಿಂತಿರುಗಿಸಬೇಕು.